ನೀಲಿ ದಾರದ ಚಿಮಟ

"ಇನ್ನೂ ನಾಲ್ಕು ಡಬ್ಬಿ ಉಳಿದಿವೆ," ಎಂದಳು ಮುದುಕಿ. "ಉಪ್ಪಿಂದು, ಸಕ್ಕರೇದು, ಸೂಜಿದಾರದ್ದು, ಇನ್ನೊಂದು ಖಾಲಿ. ಎಲ್ಲದರ ಮುಚ್ಚಳ ತೆಗೆದು ನೋಡ್ಕೊಂಡೇ ಹೋಗಿ. ಆಮೇಲೆ ಮುದುಕಿ ಬಚ್ಚಿಟ್ಟಿದ್ಲು ಅನ್ನೋದು ಬೇಡ."

ಬದು ಸಾಹೇಬರು ಹೊಸ್ತಿಲಾಚೆಯೇ ನಿಂತರು. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯಲಿಲ್ಲ. ಒಳಗೆ ಕರೆದರೆ ತಾನೇ ಬಿಡುವುದು.

ಒಂಬತ್ತು ದಿನದ ಹಿಂದೆ ಸಂಶೋಧನಾ ಸಂಸ್ಥೆಯ ಗೇಟಿನಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ, ಅವರು ಈ ಮನೆಯ ಮಗನ ಬುತ್ತಿಚೀಲವನ್ನು ಕಾವಲುಗಾರನ ಮೇಜಿನ ಮೇಲೆ ಸುರಿಸಿದ್ದರು. ಸಿಲಿಕಾನ್ ಚಿಪ್ಪು ಇಡುವ ಪುಟ್ಟ ಡಬ್ಬಿಯೊಂದು ಉರುಳಿ ಬಂದಾಗ ಅದನ್ನು ಎತ್ತಿ ಹಿಡಿದು, "ಸಿಕ್ಕಿಬಿದ್ದೆಯಲ್ಲೋ" ಎಂದಿದ್ದರು. ಮುಚ್ಚಳ ತೆಗೆದರೆ ಒಳಗಿದ್ದದ್ದು ಈ ಮುದುಕಿಯ ಮಾತ್ರೆಗಳು. ಚಿಪ್ಪು ಹಿಡಿದಿಡುವ ಅಂಟು ಆರಿಹೋಗಿ ಕಸಕ್ಕೆ ಹಾಕಿದ ಡಬ್ಬಿಗಳನ್ನು ಮಗ ಆರಿಸಿ ತಂದು, ಬೆಳಗಿನದಕ್ಕೊಂದು ಸಂಜೆಯದಕ್ಕೊಂದು ಮಾಡಿಕೊಟ್ಟಿದ್ದ.

ಆದರೂ ಆಡಿದ ಮಾತು ಆಡಿಯಾಗಿತ್ತು. ಚಿಪ್ಪು ತಯಾರಾಗುವ ಪದರದ ಕೋಣೆಯ ಬೀಗದ ಕೈ ಭಾನುವಾರ ಇವನ ಹತ್ತಿರ ಇತ್ತೆಂಬುದೊಂದೇ ಸಾಕ್ಷಿಯಾಗಿ, ಆ ಕೋಣೆಯ ಬೆಲೆಬಾಳುವ ಚಿಪ್ಪನ್ನು ಕದ್ದು ಬೇರೆಯದನ್ನು ಇಟ್ಟವನು ಇವನೇ ಎಂದು ವರದಿ ಹೋಗಿತ್ತು. ವರದಿಯ ಕೆಳಗೆ ಸಹಿ ಬದು ಸಾಹೇಬರದೇ. ಇವತ್ತು ನಾಲ್ಕು ಗಂಟೆಗೆ ವಿಚಾರಣೆ. ಕಳ್ಳನೆಂದು ತೀರ್ಮಾನವಾದರೆ ಇಪ್ಪತ್ತೆರಡು ವರ್ಷದ ಕೆಲಸ ಹೋಗುತ್ತದೆ, ಹೆಸರು ಅದಕ್ಕಿಂತ ಮೊದಲೇ ಹೋಗಿದೆ.

"ಮಗ ಇದಾನಾ?"

"ಹಿತ್ತಲಲ್ಲಿದಾನೆ. ವಿಚಾರಣೆವರೆಗೂ ಕೆಲಸಕ್ಕೆ ಬರಬೇಡ ಅಂದ್ರಲ್ಲ, ಇನ್ನೆಲ್ಲಿರ್ತಾನೆ." ಮುದುಕಿ ಪಕ್ಕಕ್ಕೆ ಸರಿದಳು. ದಾರಿ ಬಿಟ್ಟಳೇ ಹೊರತು ಬನ್ನಿ ಎನ್ನಲಿಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನನ್ನ ಮಗಂದು ಮಾತ್ರೆ ಡಬ್ಬಿಗೆ ಹೋಯ್ತು."

ಬದು ಸಾಹೇಬರ ಬಲಗೈ ಅಂಗಿಯ ಜೇಬಿಗೆ ಹೋಯಿತು. ಅಲ್ಲೊಂದು ಬಿಳಿ ಮಾತ್ರೆ ಇತ್ತು. ಅವತ್ತು ಎಲ್ಲರೂ ಹೋದ ಮೇಲೆ ಮೇಜಿನ ಸೀಳಿನಲ್ಲಿ ಸಿಕ್ಕಿಕೊಂಡಿದ್ದದ್ದು. ಉಗುರಿನಿಂದ ಎಬ್ಬಿ ತೆಗೆದು ಜೇಬಿಗೆ ಹಾಕಿಕೊಂಡವರು ಒಂಬತ್ತು ದಿನದಿಂದ ಅಂಗಿ ಬದಲಿಸಿದಾಗಲೆಲ್ಲ ಅದನ್ನೂ ಹೊಸ ಜೇಬಿಗೆ ದಾಟಿಸುತ್ತಿದ್ದರು. ಇವತ್ತು ಕೊಟ್ಟುಬಿಡಬೇಕೆಂದೇ ಬಂದದ್ದು. ಕೈ ಜೇಬಿನಿಂದ ಖಾಲಿಯಾಗಿಯೇ ಹೊರಬಂತು.

ಹಿತ್ತಲಲ್ಲಿ ಆವಿಯಣ್ಣ ಆಡಿನ ಮರಿಯೊಂದನ್ನು ಗೂಟಕ್ಕೆ ಕಟ್ಟುತ್ತಿದ್ದ. ಯಂತ್ರ ತಣಿಸಲು ದ್ರವ ಹೀಲಿಯಂ ತುಂಬುವಾಗ ಏಳುವ ಬಿಳಿ ಹೊಗೆಯ ನಡುವೆ ಸೊಂಟದವರೆಗೆ ಮುಳುಗಿ ನಿಲ್ಲುವವನೆಂದು ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಕೆಲಸವೆಲ್ಲ ಎಡಗೈಯದು. ಹಗ್ಗವನ್ನು ಮರಿಯ ಕೊರಳಿಗೆ ಎರಡು ಸುತ್ತು ತಂದ, ತುದಿಯನ್ನು ಕುಣಿಕೆಯ ಒಳಗೆ ಹಿಂದಕ್ಕೆ ಸಿಕ್ಕಿಸಿದ. ಮರಿ ಜಗ್ಗಿತು. ಗಂಟು ಬಿಗಿಯಲೂ ಇಲ್ಲ, ಸಡಿಲವಾಗಲೂ ಇಲ್ಲ.

"ಕರುಗಂಟು," ಎಂದರು ಬದು ಸಾಹೇಬರು, ತಮಗರಿವಿಲ್ಲದೆ. ಅವರೂ ದನ ಕಾಯ್ದೇ ಬೆಳೆದವರು. ಎಷ್ಟು ಎಳೆದರೂ ಕರುವಿನ ಕೊರಳಿಗೆ ಉರುಳಾಗದ, ತುದಿ ಹಿಡಿದು ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುವ ಗಂಟು ಅದು. ಇವನದು ಎಡಗೈಯದ್ದಾದ್ದರಿಂದ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿತ್ತು.

"ಹೌದು ಸಾರ್. ಅಪ್ಪ ಕಲಿಸಿದ್ದು." ಆವಿಯಣ್ಣ ಬಕೆಟ್ ಒಂದನ್ನು ಬೋರಲು ಹಾಕಿದ. "ಕೂತ್ಕೊಳ್ಳಿ."

"ನಿಮ್ಮನ್ನ ಒಂದು ವಿಷಯ ಕೇಳೋದಿತ್ತು."

"ಅವತ್ತು ಕೇಳದೇ ಸುರಿಸಿದ್ರಿ. ಇವತ್ತು ಕೇಳಿ ಮುಂದುವರಿತಿದೀರ. ಸುಧಾರಣೆ ಇದೆ." ಅವನು ಮರಿಯ ಬೆನ್ನು ಸವರಿದ. "ಅವತ್ತು 'ಬಾರೋ ಇಲ್ಲಿ' ಅಂದಿದ್ದ ಬಾಯಿ ಇವತ್ತು 'ನಿಮ್ಮನ್ನ' ಅಂತಿದೆ. ಇದೂ ಇರಲಿ."

ಬದು ಸಾಹೇಬರಿಗೆ ಕಿವಿ ಬಿಸಿಯಾಯಿತು. ಮೂವತ್ತು ವರ್ಷ ಪೊಲೀಸ್ ಕೆಲಸದಲ್ಲಿ ಹಳ್ಳಿಗಳ ಗಡಿ ತಗಾದೆಗಳನ್ನೇ ತನಿಖೆ ಮಾಡಿ ಬದು ಸಾಹೇಬರೆಂದು ಹೆಸರು ಪಡೆದವರು ಅವರು. ನಿವೃತ್ತರಾದ ಮೇಲೆ ಈ ಸಂಸ್ಥೆ ಕರೆದು ತನಿಖಾಧಿಕಾರಿ ಎಂದು ಕುರ್ಚಿ ಕೊಟ್ಟಿತ್ತು. ಹೊಲ ಒತ್ತಿದವನ ಮುಖ ನೋಡಿದೊಡನೆ ಗುರುತಿಸುತ್ತೇನೆಂಬ ಹೆಮ್ಮೆಯೊಂದು ಅವರಿಗಿತ್ತು. ಆ ಹೆಮ್ಮೆಯೇ ಈ ಬಕೆಟ್ಟಿನ ಮೇಲೆ ತಂದು ಕೂರಿಸಿದ್ದು.

"ಆ ಚಿಪ್ಪು ಎಂಥದ್ದು? ನಾನು ವರದಿ ಬರೆದೆ, ಅದು ಏನು ಅಂತ ತಿಳ್ಕೊಳ್ಳದೇ ಬರೆದೆ. ಹೇಳಿ."

ಆವಿಯಣ್ಣ ಮರಿಯನ್ನು ಬಿಟ್ಟು ಅವರ ಕಡೆ ತಿರುಗಿದ. ಆಮೇಲೆ ಕುಕ್ಕರಗಾಲಲ್ಲಿ ಕೂತ.

"ಕಾಗೆಬಂಗಾರ ನೋಡಿದೀರಲ್ಲ, ಉಗುರಲ್ಲಿ ಎಬ್ಬಿದ್ರೆ ಪದರ ಪದರ ಏಳುತ್ತೆ. ಇದೂ ಅಂಥದೇ ಒಂದು ಕಲ್ಲು. ಟೇಪಮ್ಮ ಇದಾರಲ್ಲ, ಅವರು ಅಂಟುಪಟ್ಟಿ ಅಂಟಿಸಿ ಕೀಳ್ತಾರೆ, ಮಡಚಿ ಮತ್ತೆ ಕೀಳ್ತಾರೆ, ಮೂರೇ ಪದರ ಉಳಿಯೋವರೆಗೆ. ಒಂದು ಕೂದಲನ್ನ ನಲವತ್ತು ಸಾವಿರ ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೋ ಅಷ್ಟು ದಪ್ಪ. ಅದನ್ನ ಚಿಪ್ಪಿನ ಮೇಲೆ ಒತ್ತಿ ಕೂರಿಸ್ತಾರೆ."

"ಅಷ್ಟರಲ್ಲಿ ಏನಿರುತ್ತೆ?"

"ಒಂದೊಂದು ಪದರಾನೂ ಒಂದೊಂದು ಅಯಸ್ಕಾಂತ. ಆದ್ರೆ ಪಕ್ಕದ ಪದರದ್ದು ಉಲ್ಟಾ ಮುಖ. ಜಗಳ ಆಡಿದ ಗಂಡ ಹೆಂಡ್ತಿ ಬೆನ್ನು ತಿರುಗಿಸಿ ಮಲಗ್ತಾರಲ್ಲ, ಹಾಗೆ. ಎರಡು ಪದರ ಇದ್ರೆ ಒಂದಕ್ಕೊಂದು ವಜಾ ಆಗಿ ಸೊನ್ನೆ. ಮೂರಿದ್ರೆ ಒಂದು ಒಂಟಿ ಉಳಿಯುತ್ತೆ. ಆ ಒಂಟಿಯ ಎಳೆತಾನೇ ಯಂತ್ರ ಅಳೆಯೋದು. ಆದ್ರೆ ಇದೆಲ್ಲ ಕೊರೆಯೋ ಚಳೀಲಿ ಮಾತ್ರ. ಬಿಸಿ ಏರಿತೋ, ಬಿಸಿಲಿಗೆ ಕುರಿಮಂದೆ ಚದುರಿದ ಹಾಗೆ ಚದುರಿಹೋಗುತ್ತೆ. ಅದಕ್ಕೇ ನಾನು ಹೀಲಿಯಂ ತುಂಬೋದು."

"ಕಳುವಾಯ್ತು ಅಂದಿದ್ದು, ನಿಮ್ಮ ಕೋಣೆಯ ದೊಡ್ಡ ಮೇಷ್ಟ್ರ ಚಿಪ್ಪು?"

"ಅದು ನಾವು ಕೂತಿರೋ ಈ ಬಿಸಿಯಲ್ಲೂ ಎಳೀತಿತ್ತು. ಅದಕ್ಕೇ ಪತ್ರಿಕೇಲಿ ಬಂತು, ಅದಕ್ಕೇ ದುಡ್ಡು ಕೊಡೋ ಅತಿಥಿಗಳು ಮತ್ತೆ ಮತ್ತೆ ಬಂದ್ರು, ಹಾರ ಹಾಕಿದ್ರು."

"ನಿಮಗೇನನ್ನಿಸ್ತು?"

ಆವಿಯಣ್ಣ ನಕ್ಕ. ನಗುವಿನಲ್ಲಿ ಸಂತೋಷ ಇರಲಿಲ್ಲ. "ತುಂಬೋನು ನಾನು ಸಾರ್. ನೂರಾರು ಚಿಪ್ಪು ತಣ್ಣಗಾಗಿ ಬಿಸಿಯಾಗೋದನ್ನ ಪಕ್ಕದಲ್ಲೇ ನಿಂತು ನೋಡಿದೀನಿ. ಬಿಸಿ ಏರಿದ ಹಾಗೆ ಯಂತ್ರದ ಪರದೆ ಮೇಲಿನ ಗೆರೆ ಸೊರಗುತ್ತೆ. ಈ ಚಿಪ್ಪಿನ ಗೆರೆ ಅಲ್ಲಾಡಲಿಲ್ಲ. ಚಳೀಲೂ ಅಷ್ಟೇ, ಬಿಸೀಲೂ ಅಷ್ಟೇ. ಮೂರು ಪದರದ್ದು ಹಾಗಿರಲ್ಲ. ಹಾಗಿರೋದು ಮೊಳೆ."

"ಮೊಳೆ ಅಂದ್ರೆ?"

"ಕಬ್ಬಿಣ."

ಮರಿ ಒಮ್ಮೆ ಅರಚಿತು. ಬದು ಸಾಹೇಬರು ನೆಲ ನೋಡಿದರು. "ಯಾರಿಗೂ ಹೇಳಲಿಲ್ವಾ?"

"ಹೊಗೆಯೊಳಗೆ ನಿಂತವನ ಮಾತು ಹೊರಗಡೆ ಕೇಳುತ್ತಾ ಸಾರ್? ನೀವೇ ಕೇಳಲಿಲ್ಲ, ಗೇಟಲ್ಲಿ."

ಮಾತ್ರೆ ಜೇಬಿನಲ್ಲೇ ಉಳಿಯಿತು.

*

ಪದರದ ಕೋಣೆಗೆ ಹೋಗುವವರು ಮೆಟ್ಟಿಲ ಬುಡದ ಬೆಂಚಿನಲ್ಲಿ ಕೂತು ಕಾಲಿಗೆ ನೀಲಿ ಚೀಲ ತೊಟ್ಟುಕೊಳ್ಳಬೇಕು. ಬದು ಸಾಹೇಬರು ದಾರಿಯಲ್ಲಿ ಬೀಗ-ಚಿಲಕದ ಅಂಗಡಿಗೆ ಹೋಗಿ, ಕಪಾಟಿನ ಬಾಗಿಲಿಗೆ ಹಾಕುವ ಅಯಸ್ಕಾಂತದ ತುಂಡೊಂದನ್ನು ಕೊಂಡಿದ್ದರು. ಅದೀಗ ಪ್ಯಾಂಟಿನ ಜೇಬಿನಲ್ಲಿ ಭಾರವಾಗಿತ್ತು.

ಟೇಪಮ್ಮ ಮೂವತ್ತು ದಾಟದ ಸಂಶೋಧಕಿ. ಬೆರಳ ತುದಿಗಳೆಲ್ಲ ಅಂಟುಪಟ್ಟಿ ಕಿತ್ತು ಕಿತ್ತು ನುಣುಪಾಗಿದ್ದವು. ಸಾಹೇಬರನ್ನು ಕಂಡು ಎದ್ದು ನಿಂತಳು. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು.

"ಕೂತ್ಕೋ ಅಮ್ಮ. ಹಳೇ ಚಿಪ್ಪಿನ ಫೋಟೋ, ಈಗಿರೋ ಚಿಪ್ಪಿನ ಫೋಟೋ, ಎರಡೂ ಬೇಕಿತ್ತು."

"ಹೊಂದಲ್ಲ ಅಂತ ಬರೆದುಕೊಟ್ಟಿದೀನಲ್ಲ ಸರ್."

"ಬರೆದುಕೊಟ್ಟಿದೀಯ. ನಾನು ಓದಿದೆ, ಸಹಿ ಹಾಕಿದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು. ಈಗ ಒಂದ್ಸಲ ಕಣ್ಣಲ್ಲಿ ನೋಡೋಣ ಅಂತ."

ಅವಳು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳು. ನೇರಳೆ ಬಣ್ಣದ ಬಯಲಿನ ನಡುವೆ ತೆಳು ನೀಲಿಯ ಚೂರು. ತೆಳ್ಳಗಿದ್ದಲ್ಲಿ ಬಣ್ಣ ಮಾಸಲು, ಪದರ ಹೆಚ್ಚಿದಂತೆ ಗಾಢ, ತೀರ ದಪ್ಪವಿದ್ದಲ್ಲಿ ಹಳದಿ.

ಬದು ಸಾಹೇಬರು ಕನ್ನಡಕ ಒರೆಸಿಕೊಂಡರು. ಮೊದಲನೆಯ ಚಿತ್ರದಲ್ಲಿ ಚೂರಿನ ಬಡಗಣ ಮೂಲೆ ಹರಿದಿತ್ತು. ಎರಡನೆಯದರಲ್ಲಿ ತೆಂಕಣ ಮೂಲೆ. ಮೊದಲನೆಯದರಲ್ಲಿ ಎಡಗಡೆಯಿಂದ ಒಂದು ಸಣ್ಣ ಪಟ್ಟಿ ಹೊರಟಿತ್ತು, ಹೊಲದಿಂದ ಹೊರಟ ಕಾಲುದಾರಿಯ ಹಾಗೆ. ಎರಡನೆಯದರಲ್ಲಿ ಬಲಗಡೆಯಿಂದ.

ಅವರಿಗೆ ಒಬ್ಬ ಊರಗೌಡ ನೆನಪಾದ. ಎರಡು ಕುಂಟೆ ನೆಲಕ್ಕಾಗಿ ನಕ್ಷೆಯ ಉತ್ತರದ ಬಾಣವನ್ನು ಬ್ಲೇಡಿನಿಂದ ಕೆರೆದು, ಹಾಳೆಯನ್ನು ತಲೆಕೆಳಗು ಮಾಡಿ ತಂದುಕೊಟ್ಟಿದ್ದ. ನಕ್ಷೆ ತಿರುಗಿಸಿ ಹಿಡಿದರೆ ಊರೇ ಬೇರೆ.

ಅವರು ಎರಡನೆಯ ಹಾಳೆಯನ್ನು ಮೆಲ್ಲಗೆ ತಿರುಗಿಸಿದರು.

ಹರಿದ ಮೂಲೆ ಹರಿದ ಮೂಲೆಯ ಪಕ್ಕಕ್ಕೆ ಬಂತು. ಕಾಲುದಾರಿ ಕಾಲುದಾರಿಗೆ ಸೇರಿತು. ನಡುವಿನ ಹಳದಿ ದಿಬ್ಬ, ಅದರ ಪಕ್ಕದ ಮೂರು ಚುಕ್ಕೆ, ಎಲ್ಲವೂ ಕೂತವು.

"ಒಂದೇ ಹೊಲ," ಎಂದರು.

ಟೇಪಮ್ಮ ಮೇಜಿನಿಂದ ಕೈ ಹಿಂದಕ್ಕೆಳೆದುಕೊಂಡಳು.

"ಚಿಪ್ಪು ಬದಲಾಗೇ ಇಲ್ಲ. ಯಾರೂ ಕದ್ದೇ ಇಲ್ಲ. ಅಲ್ವಾ?"

"ಸರ್..."

"ಹಾಗಾದ್ರೆ ಅದರ ಎಳೆತ ಎಲ್ಲಿಗೆ ಹೋಯ್ತು?"

ಕೈಗವಸು ಜೋಡಿಸಿದ ಗಾಜಿನ ಪೆಟ್ಟಿಗೆಯ ಪಂಪು ಗುರ್ ಎನ್ನುತ್ತಿತ್ತು. ಅದರ ಖಾಲಿ ರಬ್ಬರು ಕೈಗಳು ಅವರಿಬ್ಬರ ಕಡೆಗೆ ಚಾಚಿಕೊಂಡು ಅಲುಗುತ್ತಿದ್ದವು.

"ನಾನು ಒರೆಸಿದೆ," ಎಂದಳು ಅವಳು. "ಅಂಚನ್ನ ಮಾತ್ರ. ಚೂರನ್ನ ಮುಟ್ಟಲಿಲ್ಲ. ಹತ್ತಿಗೆ ಸ್ವಲ್ಪ ಆಮ್ಲ ಅದ್ದಿ, ಚಿಪ್ಪಿನ ನಾಲ್ಕೂ ಅಂಚು ಒರೆಸಿದೆ. ಚಿಮಟದಲ್ಲಿ ಹಿಡಿಯೋದು ಅಂಚನ್ನೇ ತಾನೇ."

"ಯಾಕೆ?"

"ಅದರ ಹಿಂದಿನ ದಿನ ಒಂದು ಸಣ್ಣ ಸ್ಕ್ರೂ ಕೆಳಗೆ ಬಿತ್ತು. ಎತ್ತೋಣ ಅಂತ ಚಿಮಟ ಹತ್ರ ತಂದೆ. ಸ್ಕ್ರೂನೇ ಎದ್ದು ಬಂದು ಅಂಟಿಕೊಳ್ತು." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಈ ಕೋಣೆಯ ಚಿಮಟ ಎಲ್ಲಾ ಟೈಟೇನಿಯಂದು. ಅದಕ್ಕೆ ಸ್ಕ್ರೂ ಅಂಟಬಾರದು. ಉಕ್ಕಿನವು ಪಕ್ಕದ ಕೋಣೇಲಿರ್ತವೆ, ಬೇರೆ ಕೆಲಸಕ್ಕೆ. ನೋಡೋಕೆ ಎರಡೂ ಒಂದೇ. ಅದಕ್ಕೇ ನಮ್ಮವಕ್ಕೆ ನೀಲಿ ದಾರ, ಅವಕ್ಕೆ ಕೆಂಪು ದಾರ ಕಟ್ಟಿರ್ತೀವಿ. ನಾನು ದಾರ ನೋಡಿ ಎತ್ಕೊಂಡೆ. ನೀಲಿನೇ ಇತ್ತು."

"ಉಕ್ಕಿನ ಪುಡಿ ಅಂಚಿಗೆ ಹತ್ತಿತ್ತು. ಯಂತ್ರ ಅದನ್ನೇ ಅಳೀತು."

"ಯಂತ್ರಕ್ಕೆ ಯಾವ ಮೂಲೇದು ಅಂತ ಗೊತ್ತಾಗಲ್ಲ ಸರ್. ಒಟ್ಟು ಎಷ್ಟು ಅಂತ ಹೇಳುತ್ತೆ ಅಷ್ಟೇ. ಒರೆಸಿದ ಮೇಲೆ ಬಿಸೀಲಿ ಅಳೆದೆ. ಏನೂ ಇರಲಿಲ್ಲ. ಮೂರು ವರ್ಷ, ಎಲ್ಲರೂ ಹೊಗಳಿದ್ದು, ಅಷ್ಟೂ ಹತ್ತಿಯಲ್ಲಿ ಹೋಯ್ತು. ಮಾರನೇ ದಿನ ಮೇಷ್ಟ್ರು ಅಳೆದ್ರು. 'ಯಾರೋ ಬದಲಿಸಿದಾರೆ' ಅಂತ ಅವರೇ ಕೂಗಿದ್ರು. ನನ್ನ ಬಾಯಿಗೆ ಮಾತೇ ಬರಲಿಲ್ಲ. ಆಮೇಲೆ ಫೋಟೋ ಕೇಳಿದ್ರು."

"ತಿರುಗಿಸಿ ಕೊಟ್ಟೆ."

"ಹೂಂ."

"ಗೇಟಲ್ಲಿ ನಾನು ಆವಿಯಣ್ಣನ್ನ ಹಿಡಿದಾಗ?"

"ಮೇಲಿನ ಕಿಟಕಿಯಿಂದ ನೋಡ್ತಿದ್ದೆ. ಇಳಿದು ಬಂದು ಹೇಳಿಬಿಡೋಣ ಅಂತ ಮೆಟ್ಟಿಲು ಬುಡದವರೆಗೂ ಬಂದೆ. ಕಾಲಿನ ಚೀಲ ತೆಗೆಯೋಕೆ ಬೆಂಚಲ್ಲಿ ಕೂತೆ. ಅಲ್ಲೇ ಕೂತೆ ಸರ್. ಏಳಲಿಲ್ಲ. ದಿನಾ 'ಊಟ ಆಯ್ತಾ ತಾಯಿ' ಅಂತ ಕೇಳೋರು ಅವರು."

ಬಯ್ಯುವ ಮಾತು ಸಾಹೇಬರ ನಾಲಿಗೆಯವರೆಗೆ ಬಂದು ಹಿಂದಕ್ಕೆ ಹೋಯಿತು. ಬೆಂಚಿನಿಂದ ಏಳದವಳು ಇವಳು. ಮೇಜಿನ ಮೇಲೆ ಸುರಿಸಿದವರು ತಾವು. ಯಾರು ಯಾರಿಗೆ ಬಯ್ಯುವುದು?

"ನಾಲ್ಕು ಗಂಟೆಗೆ ಬಂದು ಇಷ್ಟನ್ನೇ ಹೇಳು," ಎಂದರು. "ಆ ಚಿಮಟ ಎಲ್ಲಿದೆ?"

ಅವಳು ತನ್ನ ಖಾನೆಯ ತಳದಿಂದ, ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ತಂದಳು. ಸಾಹೇಬರು ಅಯಸ್ಕಾಂತ ಹತ್ತಿರ ಹಿಡಿದರು. ಚಿಮಟ ಮೇಜಿನಿಂದ ಎದ್ದು ಟಕ್ ಎಂದು ಕಚ್ಚಿಕೊಂಡಿತು.

"ಯಾರು ತಂದಿಟ್ಟಿದ್ದು?"

"ಗೊತ್ತಿಲ್ಲ. ಹಳೇದರ ಮೂತಿ ಬಾಗಿತ್ತು. ಮೊದಲನೇ ಸಲ ಅತಿಥಿಗಳು ಬಂದ ದಿನ, ಮೇಜಿನ ಮೇಲೆ ಈ ಹೊಸದು ಇತ್ತು. ಬಿಸೀಲೂ ಎಳೆತ ಮೊದಲು ಕಂಡದ್ದು ಅವತ್ತೇ. ನೀಲಿ ದಾರ ಕಟ್ಟಿತ್ತು. ನಂಬಿದೆ. ನಿಲ್ಲಿ, ತಾರೀಕು ಬರೆದಿಟ್ಟಿದೀನಿ, ಪುಸ್ತಕ ತರ್ತೀನಿ."

ಅವಳು ಕಪಾಟಿನ ಕಡೆ ತಿರುಗಿದಳು. ಸಾಹೇಬರು ಚಿಮಟವನ್ನು ಬೆಳಕಿಗೆ ಹಿಡಿದರು.

ಪಕ್ಕದ ಡಬ್ಬಿಯಲ್ಲಿದ್ದ ಉಳಿದ ಚಿಮಟಗಳ ದಾರಗಳೆಲ್ಲ ಓದಿದವರು ಕಟ್ಟಿದವು, ಗಂಟಿನ ಮೇಲೆ ಗಂಟು ಬಿದ್ದು ಉಂಡೆಯಾಗಿದ್ದವು. ಇದರದು ಹಾಗಿರಲಿಲ್ಲ. ಎರಡು ಸುತ್ತು. ತುದಿ ಕುಣಿಕೆಯೊಳಗೆ ಹಿಂದಕ್ಕೆ ಸಿಕ್ಕಿಸಿದ್ದು. ಎಲ್ಲವೂ ತಿರುವುಮುರುವು.

ಎಡಗೈಯವನು ಕಟ್ಟಿದ ಕರುಗಂಟು.

ಬೆಳಿಗ್ಗೆಯಷ್ಟೇ ಆವಿಯಣ್ಣನ ಹಿತ್ತಲಲ್ಲಿ ನೋಡಿದ ಗಂಟು. ಇದನ್ನು ಮೇಜಿನ ಮೇಲಿಟ್ಟರೆ ಎಲ್ಲರೂ ಅನ್ನುವುದು ಒಂದೇ ಮಾತು: ನೋಡಿ, ಕೊನೆಗೂ ಅವನೇ. ಮತ್ತೆ ಗೇಟು, ಮತ್ತೆ ಜನ, ಮತ್ತೆ ಆ ಮುದುಕಿ ತನ್ನ ಡಬ್ಬಿಗಳನ್ನು ಎಣಿಸಿ ಹೇಳುವುದು. ಆಗದು. ಇನ್ನೊಮ್ಮೆ ತಮ್ಮ ಕೈಯಿಂದ ಆಗದು.

ತನಿಖೆ ಮಾಡುವವನು ಕಂಡದ್ದನ್ನು ಕಾಣಲಿಲ್ಲ ಎನ್ನಬಾರದೆಂದು ಎಷ್ಟು ಜನ ಕಿರಿಯರಿಗೆ ಅವರು ಹೇಳಿಕೊಟ್ಟಿದ್ದರೋ. ಅದು ನೆನಪಾಗಲೂ ಆಯಿತು. ನೆನಪಾಗುತ್ತಿರುವಾಗಲೇ ಬೆರಳು ದಾರದ ತುದಿ ಹಿಡಿದು ಒಮ್ಮೆ ಜಗ್ಗಿತು.

ಕರುಗಂಟಲ್ಲವೇ. ಸುಮ್ಮನೆ ಬಿಚ್ಚಿಕೊಂಡಿತು.

ಟೇಪಮ್ಮ ಪುಸ್ತಕ ಹಿಡಿದು ತಿರುಗುವಷ್ಟರಲ್ಲಿ ದಾರ ಅಂಗಿಯ ಜೇಬಿನಲ್ಲಿ, ಮಾತ್ರೆಯ ಜೊತೆ ಇತ್ತು. ಚಿಮಟ ಬಟ್ಟೆಯೊಳಗೆ ಸುತ್ತಿಯಾಗಿತ್ತು.

*

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ತಲೆಯ ಕಡೆ ನಿರ್ದೇಶಕಿ, ಸಂಸ್ಥೆಗೆಲ್ಲ ಹಿರಿಯರು. ಅವರ ಬಲಕ್ಕೆ ದೊಡ್ಡ ಮೇಷ್ಟ್ರು, ಪದರದ ಕೋಣೆಯ ಯಜಮಾನರು, ಕೋಟಿನ ಗುಂಡಿ ಬಿಗಿಯಾಗಿ ಹಾಕಿಕೊಂಡು ಕೂತಿದ್ದರು. ಎಡಕ್ಕೆ ಟೇಪಮ್ಮ. ಆವಿಯಣ್ಣನಿಗೆಂದು ಕುರ್ಚಿ ಇತ್ತು. ಅವನು ಬಾಗಿಲ ಹತ್ತಿರ ನಿಂತೇ ಇದ್ದ.

ಬದು ಸಾಹೇಬರು ಎದ್ದರು. ಹೇಳಬೇಕೆಂದುಕೊಂಡ ಮೊದಲ ಮಾತನ್ನು ಮೊದಲೇ ಹೇಳಿದರು. "ನನ್ನ ವರದಿ ತಪ್ಪು. ಕಳ್ಳತನ ಆಗಿಲ್ಲ. ಈ ಮನುಷ್ಯನ ಮೇಲೆ ನಾನು ಸುಳ್ಳು ಹೊರಿಸಿದೆ, ಅದೂ ನಾಲ್ಕು ಜನರೆದುರು."

ಆಮೇಲೆ ಹಾಳೆ ತಿರುಗಿಸಿ ತೋರಿಸಿದರು. ಟೇಪಮ್ಮ ತಲೆ ತಗ್ಗಿಸಿ ಹತ್ತಿ, ಆಮ್ಲ, ಅಂಚು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಮೇಷ್ಟ್ರ ಮುಖ ಸುಣ್ಣವಾಯಿತು.

"ಮೂರು ವರ್ಷದ ಕೆಲಸ," ಎಂದರು ಮೇಷ್ಟ್ರು. ದನಿ ಸಣ್ಣಗಿತ್ತು. "ಉಕ್ಕಿನ ಧೂಳಾ? ಚಿಮಟ ಕೊಡಿ ಇಲ್ಲಿ."

ಸಾಹೇಬರು ಬಟ್ಟೆ ಬಿಚ್ಚಿದರು. ಮೇಷ್ಟ್ರು ಚಿಮಟವನ್ನು ಹಿಂದೆಮುಂದೆ ನೋಡಿದರು. "ಇದು ಉಕ್ಕಿಂದೇ. ಆದರೆ ನನ್ನ ಕೋಣೆಯದು ಅನ್ನೋದಕ್ಕೆ ಗುರುತೇನು? ದಾರ ಎಲ್ಲಿ?"



"ದಾರ ಇಲ್ಲದಿದ್ದರೆ ಇದು ಪಕ್ಕದ ಕೋಣೆಯ ಚಿಮಟ ಅಷ್ಟೇ," ಎಂದರು ನಿರ್ದೇಶಕಿ. ಅವರ ಮಾತು ಯಾವಾಗಲೂ ತೂಕದ್ದು. "ಫೋಟೋ ತಿರುಗಿಸಿ ಕೊಟ್ಟೆ ಅಂತ ಈ ಹುಡುಗಿಯೇ ಒಪ್ಪಿಕೊಂಡಿದಾಳೆ. ಒಮ್ಮೆ ಸುಳ್ಳು ಬರೆದುಕೊಟ್ಟವಳ ಎರಡನೇ ಮಾತನ್ನು, ಅವಳೇ ತೆಗೆದುಕೊಟ್ಟ ಈ ಫೋಟೋಗಳನ್ನು ಹೇಗೆ ನಂಬೋದು? ಇವಳಿಗೂ ಈತನಿಗೂ ಸಲಿಗೆ ಇದೆ ಅಂತ ಎಲ್ಲರಿಗೂ ಗೊತ್ತು. ಅವನನ್ನ ಉಳಿಸೋಕೆ ಕಥೆ ಕಟ್ಟಿರಬಹುದು. ತನಿಖಾಧಿಕಾರಿಗಳೇ, ಉಕ್ಕಿನ ಚಿಮಟ ನೀಲಿ ದಾರ ಕಟ್ಟಿಕೊಂಡು ಆ ಕೋಣೇಲಿತ್ತು ಅನ್ನೋದಕ್ಕೆ ನಿಮ್ಮ ಹತ್ತಿರ ಏನಿದೆ?"

ಸಾಹೇಬರ ಬಲಗೈ ಜೇಬಿನ ಮೇಲೆ ಹೋಗಿ ಕೂತಿತು.

ಈ ಮನುಷ್ಯನನ್ನು ಉಳಿಸಲೆಂದು ಬಚ್ಚಿಟ್ಟದ್ದೇ ಇವನ ಕೊರಳಿಗೆ ಬರುತ್ತಿತ್ತು.

"ಇಲ್ಲ ಅಂತಾದರೆ ಮೊದಲಿನ ವರದಿಯೇ ಉಳಿಯುತ್ತೆ." ನಿರ್ದೇಶಕಿ ಒಂದು ಕಾಗದವನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಕೆಲಸದಿಂದ ತೆಗೆಯುವ ಆದೇಶ, ಬೆರಳಚ್ಚಾಗಿ ತಯಾರಾಗಿಯೇ ಬಂದಿತ್ತು.

"ದಾರ ಇತ್ತು," ಎಂದಳು ಟೇಪಮ್ಮ. "ಬೆಳಿಗ್ಗೆ ಸರ್ ಕೈಗೆ ಕೊಟ್ಟಾಗ ಇತ್ತು." ಅವಳು ಸಾಹೇಬರನ್ನು ನೋಡಿದಳು. ತಾನು ಒಂಬತ್ತು ದಿನ ಕೂತಿದ್ದ ಬೆಂಚಿನ ಮೇಲೆ ಇನ್ನೊಬ್ಬರು ಬಂದು ಕೂತದ್ದನ್ನು ನೋಡುವ ಹಾಗೆ ನೋಡಿದಳು.

ಬಾಗಿಲ ಹತ್ತಿರದಿಂದ ಆವಿಯಣ್ಣ ಒಂದು ಹೆಜ್ಜೆ ಮುಂದೆ ಬಂದ. ಅವನ ಕಣ್ಣು ಸಾಹೇಬರ ಜೇಬಿನ ಮೇಲಿನ ಕೈಯನ್ನು ಬಿಟ್ಟಿರಲಿಲ್ಲ.

"ಗಂಟು ನೋಡಿದ್ರಿ, ಅಲ್ವಾ ಸಾರ್?"

ಸಾಹೇಬರು ತಲೆ ಎತ್ತಲಿಲ್ಲ.

"ನೋಡಿ, ನಾನೇ ಕಟ್ಟಿದ್ದು ಅಂತ ಗುರುತು ಸಿ‌ಕ್ಕಿ, ಬಿಚ್ಚಿ ಇಟ್ಕೊಂಡ್ರಿ. ಅವತ್ತು ಕೇಳದೇ ಕಳ್ಳ ಅಂದ್ರಿ. ಇವತ್ತು ಕೇಳದೇ ಪಾಪ ಅಂದ್ರಿ. ಎರಡು ಸಲವೂ ನನ್ನನ್ನ ಕೇಳಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಚುಚ್ಚಿತು. "ಹೌದು, ಆ ನೀಲಿ ದಾರ ಕಟ್ಟಿದವನು ನಾನೇ. ಕಟ್ಟು ಅಂತ ಚಿಮಟ ಕೈಗೆ ಕೊಟ್ರು, ಕಟ್ಟಿದೆ. ಉಕ್ಕೋ ಏನೋ ನಾನು ನೋಡಲಿಲ್ಲ, ಅದು ನನ್ನ ತಪ್ಪು. ಕೊಟ್ಟವರು ಯಾರು ಅಂತಾನೂ ಹೇಳ್ತೀನಿ. ಮೊದಲು ದಾರ ಮೇಜಿನ ಮೇಲೆ ಬರಲಿ. ನನ್ನ ಬುತ್ತಿಚೀಲ ಸುರಿಸಿದ್ರಲ್ಲ ಸಾರ್. ಈಗ ನಿಮ್ಮ ಜೇಬು."

ಬದು ಸಾಹೇಬರು ಜೇಬಿಗೆ ಕೈ ಹಾಕಿ, ಒಳಚೀಲವನ್ನೇ ಹೊರಕ್ಕೆಳೆದು, ಇದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದರು. ಗೇಣುದ್ದದ ನೀಲಿ ದಾರ, ಇನ್ನೂ ಗಂಟಿನ ಸುರುಳಿ ಹಿಡಿದುಕೊಂಡೇ ಇದ್ದದ್ದು. ಜೊತೆಗೆ ಒಂದು ಬಿಳಿ ಮಾತ್ರೆ. ಅದು ಉರುಳಿ, ಹಾಳೆಗಳ ನಡುವೆ ಹಾದು, ಮೇಜಿನ ಅಂಚಿಗೆ ಬಂದು ನಿಂತಿತು. ಆವಿಯಣ್ಣ ಮಾತ್ರೆಯನ್ನು ನೋಡಿದ. ಅವನ ಮುಖ ಒಂದು ಕ್ಷಣ ಸಡಿಲವಾಯಿತು, ಮತ್ತೆ ಬಿಗಿಯಿತು.

ದಾರದ ಕಡೆಗೆ ಒಂದು ಕೈ ಚಾಚಿತು. ಮೇಷ್ಟ್ರದಲ್ಲ. ಅವರು ಚಿಮಟ ಹಿಡಿದುಕೊಂಡು ಹಾಗೆಯೇ ಕೂತಿದ್ದರು.

"ಮುಟ್ಟಬೇಡಿ ಮೇಡಂ," ಎಂದ ಆವಿಯಣ್ಣ.

ಎರಡು ಬೆರಳು ಚಾಚಿದ ನಿರ್ದೇಶಕಿಯ ಕೈ ಅರ್ಧದಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಪೆನ್ನಿನಿಂದ ಆದೇಶದ ಮೇಲೆ ಶಾಯಿಯ ಒಂದು ಚುಕ್ಕೆ ಬಿದ್ದು ಹರಡತೊಡಗಿತು.

"ಅತಿಥಿಗಳು ಬರೋ ದಿನ ಬೆಳಿಗ್ಗೆ ಆ ಚಿಮಟ ನನ್ನ ಕೈಗೆ ಕೊಟ್ಟಾಗಲೂ," ಎಂದ ಅವನು ಮೆಲ್ಲಗೆ, "ಹೀಗೇ ಎರಡೇ ಬೆರಳಲ್ಲಿ ಹಿಡಿದಿದ್ರಿ."